ತಗಡಿಲ್ಲದ ಗಿಡ

ಜೂನ್ 9, ಬೆಳಿಗ್ಗೆ 6.10

ತಪ್ಪೊಪ್ಪಿಗೆ. ಪೂರ್ಣ ಎಚ್ಚರದಲ್ಲಿ, ಯಾರ ಒತ್ತಾಯವೂ ಇಲ್ಲದೆ, ಭಾವನ ಒಣ ಸಾಕ್ಸ್ ಕದ್ದಿದ್ದೇನೆ. ನನ್ನ ಮೂರು ಜೊತೆಯೂ ಹದಿನೈದು ದಿನದಿಂದ ಒದ್ದೆ. ಸ್ವಯಂಸೇವಕ ಎಂದರೆ ತನ್ನ ಸೇವೆ ತಾನೇ ಮಾಡಿಕೊಳ್ಳುವವನು ತಾನೆ?

ಭಾವ ಎಂದರೆ ಈ ಮನೆಯ ಅಳಿಯ. ಯಜಮಾನಿ ಅಜ್ಜಿಯ ಮಗಳನ್ನು ಅಕ್ಕ ಎಂದ ತಪ್ಪಿಗೆ ಅವರು ಭಾವನಾದರು.

ಮಳೆಕಾಡು ಬೆಳೆಸಲು ಬಂದವನು ನಾನು. ಸದ್ಯಕ್ಕೆ ಬೆಳೆದಿರುವುದು ಕಾಲ್ಬೆರಳ ಸಂದಿಯ ಬೂಷ್ಟು. ಇವತ್ತೂ ಕಳೆ. ಕಳೆ ಕಿತ್ತು ಕಿತ್ತು ಮುಖದ ಕಳೆಯೂ ಹೋಗಿದೆ.

ಜೂನ್ 10

ಭಾವನ ಪಾಠ ಒಂದೇ ಸಾಲು: "ತಗಡು ಕಟ್ಟಿರೋದನ್ನ ಮುಟ್ಟಬೇಡ. ಮಿಕ್ಕಿದ್ದೆಲ್ಲ ಕೀಳು." ಹತ್ತೊಂಬತ್ತು ವರ್ಷದಿಂದ ಈ ಬೋಳುಗುಡ್ಡದಲ್ಲಿ ಮನೆಯವರು ನೆಟ್ಟ ಪ್ರತಿ ಗಿಡಕ್ಕೂ ನಂಬರಿನ ತಗಡಿದೆ.

ಸೊಂಟ ನನ್ನದಲ್ಲ. ಆದರೂ ದಾಖಲಾಗಲಿ — ಭಾವ ಎರಡು ದಿನದ ಕೆಲಸ ಎಂದಿದ್ದ ನಲವತ್ತೊಂದನೇ ಮರದ ಬುಡವನ್ನು ಒಂದೇ ಮಧ್ಯಾಹ್ನದಲ್ಲಿ ಮುಗಿಸಿದೆ. ನೆಲವೋ, ಆಗತಾನೆ ಕ್ಷೌರ ಮಾಡಿದ ಕೆನ್ನೆ.

"ಪರವಾಗಿಲ್ವೋ, ಪುಸ್ತಕದ ಹುಳ!" ಎಂದರು ಭಾವ.

ಇಂಥ ಕೈಯನ್ನು ಈ ಗುಡ್ಡ ಕಂಡಿಲ್ಲ.

ಜೂನ್ 14

ಮೂರು ದಿನ ಬರೆಯಲಿಲ್ಲ. ಪೆನ್ನು ಹಿಡಿಯಲು ಬೆರಳು ಮಡಚುತ್ತಿರಲಿಲ್ಲ.

ಸಂಜೆ ಅಜ್ಜಿಯ ಜೊತೆ ಬೀಜ ಬಿಡಿಸಲು ಕೂತೆ. ಮಂಡಿನೋವು, ಅವರು ಗುಡ್ಡ ಹತ್ತಿ ಮೂರು ತಿಂಗಳಾಯಿತು.

"ನಲವತ್ತೊಂದು ಹೋದ ವರ್ಷ ಮೊದಲ್ನೇ ಸಲ ಕಾಯಿ ಬಿಡ್ತು ಕಣಪ್ಪ. ಈ ಮಳೆಗೆ ಬುಡದಲ್ಲಿ ಮೊಳಕೆ ಬಂದಿರ್ಬೇಕು. ನಾಳೆ ಕರ್ಕೊಂಡು ಹೋಗು."

"ಸಾವಿರಾರು ಗಿಡ ಇದಾವಲ್ಲ ಅಜ್ಜಿ, ಇನ್ನೊಂದು ಮೊಳಕೆ ಯಾಕೆ?"

"ಅವೆಲ್ಲ ನಾವು ನೆಟ್ಟಿದ್ದು. ನೆಟ್ಟಿದ್ದು ತೋಟ. ತಾನಾಗಿ ಹುಟ್ಟಿದ್ದು ಒಂದೇ ಒಂದು ಕಂಡ್ರೂ ಕಾಡು ಅಂತೀನಿ. ನೋಡ್ಬಿಟ್ಟು ಹೋಗ್ತೀನಿ."

"ಎಲ್ಲಿಗೆ?"

"ಊಟಕ್ಕೆ! ಎಲ್ಲಿಗೆ ಅಂತೆ."

ಇಬ್ಬರೂ ನಕ್ಕೆವು. ನನ್ನದು ಮೊದಲು ನಿಂತಿತು.

"ಆ ಮೊಳಕೆ ಹೇಗಿರುತ್ತೆ ಅಜ್ಜಿ?"

"ಎಳೆ ಎಲೆ ಕೆಂಪಗೆ. ಬುಡದಲ್ಲಿ ಬೀಜ ಎರಡು ಹೋಳಾಗಿ ಕಚ್ಕೊಂಡಿರತ್ತೆ. ಯಾಕೋ, ಚಹಾ ಕುಡಿಯೋ, ಆರೋಗ್ತಿದೆ."

ಜೂನ್ 15

ಗುಡ್ಡ ಹತ್ತಲು ಎರಡು ಗಂಟೆ. ಅರ್ಧ ದಾರಿ ನಾನು ಅಜ್ಜಿಯನ್ನು ಹಿಡಿದಿದ್ದೆ, ಇನ್ನರ್ಧ ಅಜ್ಜಿ ನನ್ನನ್ನು. ಮರದ ಬುಡದಲ್ಲಿ ಕೂತು ಅಂಗೈಯಿಂದ ನೆಲ ಸವರಿದರು. ಬಹಳ ಹೊತ್ತು.

"ಇಲ್ಲ ಬಿಡು. ಇಲಿ ತಿಂದಿರ್ಬೇಕು." ಆಮೇಲೆ ನನ್ನ ಬೆನ್ನು ತಟ್ಟಿ, "ಎಷ್ಟು ಚೊಕ್ಕ ಮಾಡಿದ್ದೀಯೋ ಮಗಾ."

ಇಲಿ ಸುಮ್ಮನಿತ್ತು.

ಜೂನ್ 16, ಮಧ್ಯಾಹ್ನ

ಕಿತ್ತು ಹಾಕಿದ ರಾಶಿಯನ್ನು ಕೆದಕಿದೆ. ಇಪ್ಪತ್ಮೂರು ಮೊಳಕೆ. ಕೆಂಪೆಲೆ ಕಪ್ಪಾಗಿದೆ. ಬೀಜದ ಹೋಳು ಇನ್ನೂ ಕಚ್ಚಿಕೊಂಡೇ ಇದೆ.

ಅಜ್ಜಿ ಅಂಗಳದಲ್ಲಿದ್ದಾರೆ, ಹೇಳಲೇಬೇಕು. "ಗೊತ್ತಿರಲಿಲ್ಲ ಅಜ್ಜಿ" ಎಂದು ಶುರು ಮಾಡಬೇಕೆಂದಿದ್ದೆ. ಅದೂ ಸುಳ್ಳು. ಕೀಳುವಾಗಲೇ ಕಂಡಿದ್ದವು — ಎಲ್ಲ ಒಂದೇ ಥರ, ಒಂದೇ ಎತ್ತರ, ಮಣ್ಣು ಬಿಟ್ಟು ಬರಲೊಲ್ಲೆ ಅನ್ನುತ್ತಿದ್ದವು. ಇವು ಕಳೆಯಲ್ಲ ಅನ್ನಿಸಿತ್ತು. ಭಾವ ನಾಲ್ಕೇ ಹೆಜ್ಜೆ ದೂರ. ಬಾಯಿ ತೆರೆದಿದ್ದೆ ಕೂಡ. ಆದರೆ ಕೇಳಿದರೆ ನನಗೆ ಗೊತ್ತಿಲ್ಲ ಅಂತ ಅವರಿಗೆ ಗೊತ್ತಾಗಿಬಿಡುತ್ತದಲ್ಲ, ಅದಕ್ಕೇ —