ಸಂಜೆ ತರಗತಿಗೆ ಸಿಂಧು ಒಪ್ಪಲಿಲ್ಲ

ಹುಣಸೂರು ತಾಲ್ಲೂಕು
12 ಡಿಸೆಂಬರ್ 2024, ಗುರುವಾರ

ದೇವಯ್ಯನವರಿಗೆ,

ನಮಸ್ಕಾರ. ನೀವು ಕೆಲಸಕ್ಕಿರುವ ಕಾಫಿ ತೋಟದ ಲೈನ್‌ಮನೆಯಲ್ಲಿ ಫೋನ್ ಸಿಗುವುದಿಲ್ಲವಾದ್ದರಿಂದ, ಕೊಡಗಿಗೆ ಹೊರಟ ಮಾದೇಶನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ನಾನು ನಿಮ್ಮ ಮಗಳು ಸಿಂಧುವಿನ ಗಣಿತದ ಶಿಕ್ಷಕಿ. ಸಂಜೆಯ ವಿಶೇಷ ತರಗತಿ ಶುರುವಾದರೆ ಕಾಡಂಚಿನ ದಾರಿಯಲ್ಲಿ ಅವಳನ್ನು ಕಳಿಸಲಾರೆ, ಶಾಲೆಯನ್ನೇ ಬಿಡಿಸುತ್ತೇನೆ ಎಂದು ಹೇಳಿಕಳಿಸಿದ್ದಿರಿ.

ನಿನ್ನೆ ಶಾಲಾ ಸಮಿತಿಯ ಸಭೆ ನಡೆಯಿತು. ಸಂಜೆ ತರಗತಿ ಬೇಕೆಂದು ವಾದಿಸಿದವಳು ನಾನೇ. ಮಕ್ಕಳ ಪ್ರತಿನಿಧಿಯಾಗಿ ಬಂದಿದ್ದ ಸಿಂಧು ಎದ್ದು ನಿಂತಳು.

“ಮಿಸ್, ನೀವು ಸ್ಕೂಟರ್‌ನಲ್ಲಿ ಓಯ್ತೀರಿ. ನಾವು ನಡ್ಕೊಂಡು ಓಗ್ಬೇಕು. ಆನೆ ಬತ್ತದೆ.”

“ಅಂಗಾದ್ರೆ ಆನೆಗೂ ಒಂದು ಟೈಮ್‌ಟೇಬಲ್ ಬರ್ಕೊಡವ್ವ,” ಎಂದು ಅಧ್ಯಕ್ಷ ತಿಮ್ಮಯ್ಯನವರು ನಕ್ಕರು.

“ಅದ್ಕೆ ಐತೆ ಕಣಣ್ಣ. ಒತ್ತು ಮುಳುಗ್ತಿದ್ದಂಗೆ ಬತ್ತದೆ. ಬದಲಾಯ್ಸಬೇಕಾದ್ದು ನಮ್ದು.”

ಆಮೇಲೆ ತಿಮ್ಮಯ್ಯನವರು ನಗಲಿಲ್ಲ. ಹತ್ತನೇ ತರಗತಿಯವರನ್ನೆಲ್ಲ ಅವಳು ಮೊದಲೇ ಕೇಳಿಕೊಂಡು ಬಂದಿದ್ದಳು. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಮಧ್ಯಾಹ್ನ ಪಾಠ ಮಾಡಿ, ಬುತ್ತಿ ನಾವೇ ತರುತ್ತೇವೆ ಎಂದಳು. ನನ್ನ ಸಲಹೆ ಬಿದ್ದುಹೋಯಿತು. ಅವಳ ಮಾತಿಗೆ ಕೈ ಎತ್ತಿದವರಲ್ಲಿ ನಾನೇ ಮೊದಲಿಗಳು.

ಇದು ನಿಮಗೆ ಬೇರೆಯವರಿಂದ ತಿಳಿಯಬಾರದೆಂದು ಬರೆಯುತ್ತಿದ್ದೇನೆ. ದಯವಿಟ್ಟು ಅವಳನ್ನು ಶಾಲೆ ಬಿಡಿಸಬೇಡಿ. ಊರಿಗೆ ಬರುವಾಗ ಮುಚ್ಚಳ ಬಿಗಿಯಾಗಿರುವ ಒಂದು ಊಟದ ಡಬ್ಬಿ ತನ್ನಿ.

ಸಂಜೆ ತರಗತಿ ಇಲ್ಲ, ಶನಿವಾರ ಮಧ್ಯಾಹ್ನ ಎಂದು ಸಮಿತಿ ತೀರ್ಮಾನಿಸಿದೆ. ಮೊದಲ ಪಾಠ ನಾಡಿದ್ದು ನಡೆಯಬೇಕು.

ಇಂತು,
ವಿಮಲಮ್ಮ