ಹೆಬ್ಬೆರಳು ಮಣಿಸುವ ಆಟ

ತಡಸ
ತಾ. ೧೨-೧೧-೧೯೬೩

ತೀರ್ಥರೂಪ ಅವ್ವನಿಗೆ ಸುಶೀಲೆಯ ನಮಸ್ಕಾರ.

ನಾವೆಲ್ಲ ಕ್ಷೇಮ ಅಂತ ಎರಡು ಸಲ ಬರೆದು ಹೊಡೆದುಹಾಕಿದೆ. ಈ ಕಾಗದ ನೀನೇ ಅಕ್ಷರ ಕೂಡಿಸಿ ಓದಿಕೋ, ಎಷ್ಟು ಹೊತ್ತಾದರೂ ಆಗಲಿ. ಯಾವಾಗಿನಂತೆ ಓದಿಸಲು ಶಂಕ್ರಪ್ಪ ಮಾಸ್ತರರ ಕೈಗೆ ಕೊಡಬೇಡ.

ಮೊನ್ನೆ ನೀಲಿಯನ್ನು ಹುಬ್ಬಳ್ಳಿಯ ದೊಡ್ಡ ಡಾಕ್ಟರರಿಗೆ ತೋರಿಸಿಕೊಂಡು ಬಂದೆವು. ನಿನ್ನ ಮೊಮ್ಮಗಳಿಗೆ ನಾಲ್ಕು ತುಂಬಿತು, ಈ ವರ್ಷವೊಂದರಲ್ಲೇ ಬಲಭುಜ ಆರು ಸಲ ಜಾರಿತು. ಒಮ್ಮೆಯಂತೂ ಅಂಗಿ ತೊಡಿಸುವಾಗಲೇ. ಓಣಿಯ ಮಕ್ಕಳು ಒಂದು ಹಿಡಿ ಶೇಂಗಾ ಕೊಟ್ಟು ಬೆರಳು ಹಿಂದಕ್ಕೆ ಮಣಿಸಿ ತೋರಿಸು ಅನ್ನುತ್ತಾರೆ, ಇವಳು ನಗುನಗುತ್ತ ತೋರಿಸುತ್ತಾಳೆ. ನನಗೆ ನೋಡಲಾಗುವುದಿಲ್ಲ.

ಡಾಕ್ಟರರು ನಮ್ಮಂಥವರಿಗೂ ತಿಳಿಯುವ ಹಾಗೆ ಹೇಳಿದರು. ಎಲುಬಿಗೆ ಎಲುಬನ್ನು ಹಿಡಿದಿಡಲು ಕೀಲಿನ ಸುತ್ತ ಪಟ್ಟಿಗಳಿರುತ್ತವಂತೆ. ಅವುಗಳೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು, ಅವುಗಳಿಗೆ ಕೊಲಾಜೆನ್ ಅಂತ ಹೆಸರು. ಪುಂಡಿನಾರಿನ ಹಗ್ಗದಂತೆ ಮೂರು ಮೂರು ಎಳೆ ಹೊಸೆದುಕೊಂಡು, ಒಂದರ ಪಕ್ಕಕ್ಕೊಂದು ಬೆಸೆದುಕೊಂಡರೆ ಪಟ್ಟಿಗೆ ಬಿಗಿ ಬರುತ್ತದೆ. ರಬ್ಬರಿನಂತೆ ಜಗ್ಗಿ ಮತ್ತೆ ಮೊದಲಿನಂತಾಗುವ ಎಳೆಗಳು ಬೇರೆಯೇ ಇರುತ್ತವಂತೆ. ನೀಲಿಗೆ ಆ ಬೆಸುಗೆಯೇ ಸರಿಯಾಗಿ ಕೂತಿರಲಿಕ್ಕಿಲ್ಲ, ಅದಕ್ಕೇ ಪಟ್ಟಿ ತಡೆಯುವುದಿಲ್ಲ ಅಂದರು. ಪರದೇಶದಲ್ಲೂ ಇದನ್ನು ಇನ್ನೂ ಹುಡುಕುತ್ತಲೇ ಇದ್ದಾರಂತೆ. ಔಷಧ ಏನ್ರಿ ಅಂತ ಇವರು ಮೂರು ಸಲ ಕೇಳಿದರು. ಮೂರನೆಯ ಸಲ ಡಾಕ್ಟರರು ಕನ್ನಡಕ ತೆಗೆದು ಒರೆಸುತ್ತ ಕೂತರು.

ಇವರು ಚೀಟಿ ಮಾಡಿಸಲು ಹೊರಗೆ ಹೋದಾಗ ನಾನು ಧೈರ್ಯ ಮಾಡಿ ಕೇಳಿದೆ, ಎಣ್ಣೆ ಹಚ್ಚಿ ಎರೆಯುವಾಗ ಕೂಸಿನ ಕೈಕಾಲು ಜಗ್ಗಿದ್ದಕ್ಕೆ ಹಿಂಗಾತೇನ್ರಿ ಅಂತ. ಜಗ್ಗಿದರೆ ಒಂದು ಸಲ ಕೀಲು ಜಾರೀತು, ಆದರೆ ದೋಷ ಹುಟ್ಟುವ ಮೊದಲೇ ಇತ್ತು, ರಕ್ತದಲ್ಲಿ ಬಂದದ್ದು ಅಂದರು. ಆಮೇಲೆ ನನ್ನ ಕೈ ಹಿಡಿದು ಹೆಬ್ಬೆರಳನ್ನು ಒತ್ತಿದರು. ಅದು ಸಲೀಸಾಗಿ ಹೋಗಿ ಮುಂಗೈಗೆ ತಾಗಿತು. ನಾವು ಅಳುವಾಗ ನಗಿಸಲು ನೀನು ಮಾಡಿ ತೋರಿಸುತ್ತಿದ್ದ ಆಟ ನೆನಪಿದೆಯೇ ಅವ್ವ? ಅದೇ. ನಿನ್ನಿಂದ ನನಗೆ, ನನ್ನಿಂದ ನೀಲಿಗೆ. ನಿನ್ನ ಮೇಲೆ ಸಿಟ್ಟಿಲ್ಲ. ಯಾರ ಮೇಲೆ ಅಂತ ಸಿಟ್ಟಾಗಲಿ?

ನನ್ನಿಂದ ಬಂತು ಅನ್ನುವ ಈ ಒಂದು ಮಾತು ಇವರಿಗೆ ಹೇಳಿಲ್ಲ, ಅತ್ತೆಯವರಿಗಂತೂ ಇಲ್ಲ. ನನಗೀಗ ಐದು ತಿಂಗಳು. ಇದಕ್ಕೂ ಬರಬಹುದು, ಬರದೆಯೂ ಇರಬಹುದು, ಈಗ ತಿಳಿಯುವ ದಾರಿಯಿಲ್ಲ ಅಂದರು ಡಾಕ್ಟರರು. ಹೊಟ್ಟೆಯಲ್ಲಿ ಕೂಸು ಹೊರಳಿದರೆ ಮಂದಿಗೆ ಸಂತೋಷ ಆಗುತ್ತದೆ, ನನಗೆ ಹೆದರಿಕೆ.

ಬಾಣಂತನಕ್ಕೆ ಸವಣೂರಿಗೇ ಬರುತ್ತೇನೆ. ಅಷ್ಟರೊಳಗೆ ನೀನೊಂದು ಕೆಲಸ ಮಾಡಬೇಕು. ಅಲ್ಲಿ ನಮ್ಮ ಓಣಿಯ ಕೂಸುಗಳಿಗೆಲ್ಲ ಎರೆದವಳು ಮಾಬೂಬಿ, ನನಗೂ ಅವಳೇ. ನೀಲಿ ಹುಟ್ಟಿದಾಗ ಅವಳ ತೋಳು ಜಗ್ಗಿ ಕೆಡಿಸಿದಳು ಅಂತ ನೀನು ಅಂಗಳದಲ್ಲಿ ನಿಂತು ಒದರಿದ ಮೇಲೆ ಯಾರೂ ಅವಳನ್ನು ಎರೆಯಲು ಕರೆಯಲಿಲ್ಲ. ಮಗ ಇಸ್ಮಾಯಿಲಸಾಬನ ಮನೆಯಲ್ಲಿ ಮೂಲೆ ಹಿಡಿದು ಕೂತಿದ್ದಾಳಂತೆ. ಹೋಗಿ ಅವಳನ್ನು ಕರೆದುಕೊಂಡು ಬಾ. ತಪ್ಪಾಯಿತು ಅಂತ ಬಾಯಿಬಿಟ್ಟು ಹೇಳು.

ನೀಲಿ ನಿನಗೆ ಮುತ್ತು ಕಳಿಸಿದ್ದಾಳೆ.

ನಿನ್ನ ಮಗಳು,
ಸುಶೀಲಾ

ತಾ.ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ಆ ದಿನ ಮಾಬೂಬಿ ಜಗ್ಗಲೇ ಇಲ್ಲ, ಅವ್ವ. ಬಲಗೈ ಎಡಗಾಲು ಕೂಡಿಸಿ ಜಗ್ಗು, ಇಲ್ಲದಿದ್ದರೆ ಕೂಸು ಗಟ್ಟಿಯಾಗುವುದಿಲ್ಲ ಅಂತ ನಾನೇ ಹಟ ಹಿಡಿದೆ. ಈ ಕೂಸಿನ ಕೀಲು ಭಾಳ ಸಡ್ಲ ಅದಾವವಾ, ನಾ ಒಲ್ಲೆ ಅಂದು ಅವಳು ಹಂಡೆ ತೊಳೆಯಲು ಬಚ್ಚಲಿಗೆ ಹೋದಳು. ನಾನೇ ಜಗ್ಗಿದೆ. ಕೂಸು ಚೀರಿದ್ದು ಕೇಳಿ ನೀನು ಓಡಿಬಂದು ಯಾರ ಮಾಡಿದ್ರ ಅಂತ ಕೇಳಿದೆ. ನಾನು ಬಚ್ಚಲದ ಕಡೆ ಕೈ ತೋರಿಸಿದೆ. ಮಾಬೂಬಿ ಒದ್ದೆ ಕೈಯಲ್ಲಿ ಬಾಗಿಲಿಗೆ ಬಂದು ನಿಂತು ನನ್ನ ಮುಖ ನೋಡಿದಳು.