ಮೊಳೆಗೆ ನೇತುಹಾಕಿದ ಸೀಲ್

ಮಾರ್ಚ್ 3, ಸೋಮವಾರ

ಶಟರ್ ಇವತ್ತೂ ಅರ್ಧಕ್ಕೇ ನಿಂತಿತು. ಒದ್ದ ಮೇಲೆ ಏರಿತು. ಒಂದು ಪಂಪ್, ಮರ ಕೊಯ್ಯುವ ಎರಡು ಎಂಜಿನ್ ಗರಗಸ — ರಿಪೇರಿ ಮಧ್ಯಾಹ್ನದೊಳಗೆ ಮುಗಿಯಿತು. ಆಮೇಲೆ ಸೀಟಿ ಬಂದರು. ಆಟದ ಮೈದಾನ ನೋಡಿಕೊಳ್ಳುವವರು, ಸೀಟಿ ನಾವಿಟ್ಟ ಹೆಸರು. ಕೊರಳಲ್ಲಿ ಸದಾ ಒಂದು ಸೀಟಿ, ಊದಿದ್ದನ್ನು ಮಾತ್ರ ಯಾರೂ ಕೇಳಿಲ್ಲ. ಹುಲ್ಲು ಕತ್ತರಿಸುವ ಗಾಡಿಯನ್ನು, ಅದೇ ಕೂತು ಓಡಿಸುವ ಮೋವರನ್ನು, ಟೆಂಪೋದಲ್ಲಿ ಹೇರಿಕೊಂಡು ತಂದಿದ್ದಾರೆ. ಎಂಜಿನ್ ಆಯಿಲ್ ಸೋರುತ್ತಿದೆ. ಎಣ್ಣೆ ಬಿದ್ದಲ್ಲೆಲ್ಲ ಹುಲ್ಲು ಸುಟ್ಟು ಕಂದು ಚುಕ್ಕೆ. ತಿಂಗಳ ಕೊನೆಗೆ ಪಂದ್ಯಗಳಂತೆ.

ಅಣ್ಣ ಎಂದಿನ ಹಾಗೆ. ಎಂಜಿನ್ ತೊಳೆದು, ಒಣಗಿಸಿ, ಮೈತುಂಬ ಟಾಲ್ಕಂ ಪೌಡರ್ ಬಳಿದ. ಮದುಮಗ ರೆಡಿ ಅಂದೆ. ನಗಲಿಲ್ಲ. ಸ್ವಲ್ಪ ಹೊತ್ತು ಓಡಿಸಿದರೆ ಪೌಡರ್ ಮೇಲೆ ಎಣ್ಣೆಯ ಗೆರೆ ಮೂಡುತ್ತದೆ, ಗೆರೆ ಹಿಡಿದು ಹೋದರೆ ಮೂಲ ಸಿಗುತ್ತದೆ. ಒದ್ದೆ ಇದ್ದಲ್ಲೇ ತೂತು ಅಂತ ನಂಬಬೇಡ, ಎಣ್ಣೆ ಕೆಳಗಿಳಿಯುತ್ತೆ, ಫ್ಯಾನಿನ ಗಾಳಿ ಅದನ್ನ ಊರಿಗೆಲ್ಲ ಹಂಚುತ್ತೆ — ಈ ಪಾಠ ಇವತ್ತೂ ಆಯಿತು. ನಲವತ್ತೆಂಟಾದರೂ ಅವನಿಗೆ ನಾನು ಪುಟ್ಟಿಯೇ.

ಗೆರೆ ಕೆಳಗಿನ ಆಯಿಲ್ ಸೀಲಿನದು. ಎಂಜಿನ್ನಿನ ತಿರುಗುವ ದಂಡದ, ಅಂದರೆ ಕ್ರ್ಯಾಂಕಿನ ಸುತ್ತ ಎಣ್ಣೆ ತಡೆಯುವ ರಬ್ಬರ್ ಬಳೆ. ಹಳತಾಗಿ ಕಲ್ಲಾಗಿತ್ತು. ಹೊಸದು ಹಾಕುವಾಗ ನಾನಿರಲಿಲ್ಲ, ಬೆಲ್ಟ್ ತರಲು ಹೋಗಿದ್ದೆ. ಬಂದು ನೋಡಿದರೆ ಅಣ್ಣ ಕೈಯಲ್ಲಿ ಸ್ಪ್ಯಾನರ್ ಹಿಡಿದುಕೊಂಡೇ ಸ್ಪ್ಯಾನರ್ ಹುಡುಕುತ್ತಿದ್ದ.

ತೆಗೆದ ಸೀಲ್ ಗೋಡೆಯ ಮೊಳೆಗೆ ಹೋಯಿತು. ಗಾಡಿ ಸೋರುತ್ತಿಲ್ಲ ಅಂತ ಗಿರಾಕಿ ಬಂದು ಹೇಳುವವರೆಗೆ ತೆಗೆದದ್ದನ್ನು ಎಸೆಯಬಾರದು. ಅಣ್ಣನ ಕಾನೂನು. ಗೋಡೆ ಬಳೆ ಅಂಗಡಿ ಆಗಿದೆ.

ಮಾರ್ಚ್ 8, ಶನಿವಾರ

ಮೋವರ್ ವಾಪಸ್. ಅದೇ ಜಾಗ, ಅದೇ ಎಣ್ಣೆ. ಸೀಟಿ ಗಾಡಿ ಇಳಿಸಿ ಹಾಗೇ ಹೋದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹೊಸ ಸೀಲ್ ವಾರದೊಳಗೆ ಸೋರಿದರೆ ಹಾಕಿದ ಕೈಯದೇ ತಪ್ಪು. ಕ್ರ್ಯಾಂಕಿನ ತುದಿಯಲ್ಲಿ ಕೀ ಅನ್ನುವ ಲೋಹದ ತುಂಡು ಕೂರಲು ಒಂದು ಸೀಳು ಇರುತ್ತದೆ, ಅದರ ಅಂಚು ಬ್ಲೇಡಿಗಿಂತ ಕಡಿಮೆಯಿಲ್ಲ. ಮೇಲೆ ಟೇಪ್ ಸುತ್ತಿಯೇ ಸೀಲ್ ಜಾರಿಸಬೇಕು. ಮರೆತರೆ ರಬ್ಬರಿನ ಒಳ ಅಂಚು, ಅದರ ತುಟಿ, ಕೊಯ್ದುಹೋಗುತ್ತದೆ. ನಾನು ಈ ಶೆಡ್ಡಿಗೆ ಬಂದಾಗ ಅಣ್ಣ ಮೊದಲು ಕಲಿಸಿದ್ದೇ ಇದು.

ಟೇಪ್ ಹಾಕಿದ್ಯಾ ಅಂತ ಕೇಳಿದೆ.

"ಹಾಕಿದ್ದೆ," ಅಂದ. ಟೀ ಅರ್ಧ ಆದ ಮೇಲೆ, ಯಾರೂ ಕೇಳದೆ — "ಹಾಕಿರ್ಬೇಕು."

ಮತ್ತೆ ತೊಳೆದು, ಪೌಡರ್ ಹಾಕಿ, ಮೇಲಿನಿಂದ ನೋಡಿಕೊಂಡು ಬರೋಣ ಅಂದ. ಅಷ್ಟು ಪುರಸೊತ್ತಿಲ್ಲ ಅಂದೆ. ಸೀಟಿಗೆ ಅರ್ಜೆಂಟ್. ಅಣ್ಣ ಕೈ ಒರೆಸಿಕೊಂಡು ಪಕ್ಕಕ್ಕೆ ಸರಿದ. ಅವನ ಸ್ವಭಾವವಲ್ಲ ಅದು. ಒಂದು ವಾಷರಿಗೂ ಅರ್ಧ ಗಂಟೆ ವಾದ ಮಾಡುವ ಆಸಾಮಿ.

ಮಾರ್ಚ್ 9, ಭಾನುವಾರ

ಅತ್ತಿಗೆಗೆ ಟೇಪಿನ ವಿಷಯ ಹೇಳಿದೆ. ಹೇಳಬೇಕಾಗಿತ್ತೋ ಇಲ್ಲವೋ... ಹೇಳಿದ್ದಾಯಿತು.

ಅವರ ಹತ್ತಿರ ಆಗಲೇ ಅಣ್ಣನ ಮರೆವೆಲ್ಲ ಗಂಟು ಕಟ್ಟಿಟ್ಟಂತೆ ಇತ್ತು. ಬೀಗದ ಕೈ ಫ್ರಿಜ್ಜಿನಲ್ಲಿ ಸಿಕ್ಕಿದ್ದು. ನಲ್ಲಿ ಬಿಟ್ಟು ಹೋದದ್ದು. ಪಕ್ಕದ ಮನೆಯವರನ್ನು ಸತ್ತುಹೋದ ಅವರ ತಮ್ಮನ ಹೆಸರಿಂದ ಕರೆದದ್ದು. ವಯಸ್ಸಾಯಿತು ಅಂತ ಸುಮ್ಮನಿದ್ದರಂತೆ. ಕೆಲಸದಲ್ಲೂ ಹೀಗೇ ಅಂತ ಗೊತ್ತಾದ ಮೇಲೆ ಸುಮ್ಮನಿರುವುದು ಹೇಗೆ, ಬ್ಲೇಡಿಗೆ ಕೈ ಕೊಟ್ಟರೆ ಯಾರು ದಿಕ್ಕು. ಅವರು ಅತ್ತಿದ್ದನ್ನು ನಾನು ನೋಡಿದ್ದು ಕಡಿಮೆ. ಇವತ್ತು ಅತ್ತರು.

"ನಾದಿನಿ ಆದ್ರೂ ನೀನೇ ಬಂದು ಹೇಳಿದ್ಯಲ್ಲ," ಅಂದರು. "ಇನ್ನು ಮನೇಲಿರ್ಲಿ."

ಸಂಜೆಯೇ ಅವನಿಗೆ ಹೇಳಿದರಂತೆ. ಹೂಂ ಅಂದನಂತೆ.

ಮಾರ್ಚ್ 10, ಸೋಮವಾರ

ಒಬ್ಬಳೇ. ಅಣ್ಣ ಹಾಕಿದ ಸೀಲ್ ಕಿತ್ತೆ. ಕೈ ತನ್ನ ಪಾಡಿಗೆ ತಾನು ಅದನ್ನು ಮೊಳೆಗೆ ಸಿಕ್ಕಿಸಿತು. ತಿರುಗಿಸಿ ನೋಡಲಿಲ್ಲ. ನೋಡುವುದೇನಿದೆ. ಟೇಪ್ ಎರಡು ಸುತ್ತು ಹಾಕಿ ಹೊಸದು ಜಾರಿಸಿದೆ. ಬೆಣ್ಣೆಯ ಹಾಗೆ ಕೂತಿತು. ಸಂಜೆ, ಅಣ್ಣನ ಕೈ ತಪ್ಪಿತ್ತು ಅಂತ ಸೀಟಿಗೆ ಹೇಳಿ ಗಾಡಿ ಕಳಿಸಿದೆ.

ಅಣ್ಣನ ಸ್ಟೂಲ್ ಕಾಲಿಗೆ ಅಡ್ಡ ಬರುತ್ತಿತ್ತು. ಮೂಲೆಗೆ ಇಟ್ಟೆ.

ಮಾರ್ಚ್ 16, ಭಾನುವಾರ

ರೇಡಿಯೋ ನನಗೆ ಬೇಕಾದ ಸ್ಟೇಷನ್‌ಗೆ. ಪಾಠ ಹೇಳುವವರಿಲ್ಲ. ಕೆಲಸ ಬೇಗ ಮುಗಿಯುತ್ತಿದೆ. ಹಾಯಾಗಿದೆ, ಸುಳ್ಳು ಯಾಕೆ ಬರೆಯಲಿ.

ಅಣ್ಣನ ಮನೆ ಕಡೆ ಹೋಗಿಲ್ಲ. ನಾಳೆ ಹೋಗಬೇಕು.

ಮಾರ್ಚ್ 22, ಶನಿವಾರ

ಹೋಗಲಿಲ್ಲ.

ಇವತ್ತು ಸೀಟಿ ಬಂದರು. ಗಾಡಿ ಸೋರುತ್ತಿದೆ.

"ಹೋದ ಸಲ ನಿಮ್ಮಣ್ಣನ ಮೇಲೆ ಹಾಕಿದ್ರಿ," ಅಂದರು, ಜಗಳದ ದನಿಯಲ್ಲಲ್ಲ. "ಈ ಸಲ ಯಾರ ಮೇಲೆ ಹಾಕೋಣ?"

ಅವರು ಹೋದ ಮೇಲೆ ಕೂತೆ. ಎದ್ದೆ. ಎಂಜಿನ್ ತೊಳೆದೆ, ಪೌಡರ್ ಹಾಕಿದೆ. ಗೆರೆ ಮತ್ತೆ ಸೀಲಿನಿಂದಲೇ. ನಾನೇ ಹಾಕಿದ ಸೀಲ್, ಎರಡು ಸುತ್ತು ಟೇಪ್. ಮೇಲಿನಿಂದ ನೋಡೋಣ ಅಂದಿದ್ದ ಅಣ್ಣ. ಸರಿ, ಮೇಲಿನಿಂದ. ಡಿಪ್‌ಸ್ಟಿಕ್ ಎಂಬ ಎಣ್ಣೆ ಅಳೆಯುವ ಕಡ್ಡಿ ತೆಗೆದು ಅದರ ಕೊಳವೆಯ ಬಾಯಿಗೆ ರಬ್ಬರ್ ಗ್ಲೌಸ್ ಕಟ್ಟಿ ಎಂಜಿನ್ ಶುರು ಮಾಡಿದೆ. ಒಳಗೆ ಎಲ್ಲ ಸರಿಯಿದ್ದರೆ ಗ್ಲೌಸ್ ಜೋತು ಬಿದ್ದಿರಬೇಕು. ಇದು ಉಬ್ಬಿತು. ಐದು ಬೆರಳೂ ನೆಟ್ಟಗೆ ಎದ್ದು ನಿಂತವು, ನಿಲ್ಲು ಅಂತ ತಡೆಯುವ ಕೈಯ ಹಾಗೆ.

ಬ್ರೀದರ್. ಎಂಜಿನ್ ಒಳಗಿನ ಗಾಳಿಯನ್ನು ಹೊರಗೆ ಬಿಡುವ ಸಣ್ಣ ಕವಾಟ. ಬಿಚ್ಚಿದೆ — ಎಣ್ಣೆಯ ಜಿಡ್ಡು ಮೆತ್ತಿ ಮುಚ್ಚಿಹೋಗಿದೆ. ಗಾಳಿಗೆ ದಾರಿಯಿಲ್ಲದೆ ಅದು ಎಣ್ಣೆಯನ್ನು ಸೀಲಿನ ಸಂದಿಯಿಂದ ದಬ್ಬುತ್ತಿತ್ತು. ಎಷ್ಟು ಹೊಸ ಸೀಲ್ ಹಾಕಿದರೂ ಅಷ್ಟೇ. ಯಾರು ಹಾಕಿದರೂ ಅಷ್ಟೇ.

ಜಿಡ್ಡು ತೆಗೆದು, ಪ್ಯಾಕಿಂಗ್ ಬದಲಿಸಿ, ಸಂಜೆಯವರೆಗೆ ಓಡಿಸಿದೆ. ಕೆಳಗೆ ಹಾಸಿದ ಪೇಪರಿನಲ್ಲಿ ಒಂದು ಹನಿಯಿಲ್ಲ. ಖುಷಿಯಾಗಲಿಲ್ಲ.

ಮೊಳೆಯಿಂದ ಅಣ್ಣನ ಸೀಲ್ ತೆಗೆದೆ. ಹೊರ ಅಂಚಿನಲ್ಲಿ ನಾನು ಕೀಳುವಾಗ ಚುಚ್ಚಿದ ಗುರುತು. ಒಳಗಿನ ತುಟಿ... ಭೂತಗನ್ನಡಿ ಹಿಡಿದು ಸುತ್ತ ನೋಡಿದೆ. ಒಂದು ಗೀರೂ ಇಲ್ಲ. ಟೇಪ್ ಹಾಕಿದ್ದ. ಸರಿಯಾಗೇ ಹಾಕಿದ್ದ. ಸೀಲ್ ಇಷ್ಟು ದಿನವೂ ನನ್ನ ತಲೆಯ ಮೇಲೇ ನೇತಾಡುತ್ತಿತ್ತು.

ನಾಚಿಕೆ. ಇದಕ್ಕೆ ಬೇರೆ ಪದ ಹುಡುಕುವುದು ಬೇಡ.

ಮಾರ್ಚ್ 23, ಭಾನುವಾರ

ಹೋದೆ. ಸೀಲ್ ಜೇಬಿನಲ್ಲಿ.

ಅಣ್ಣ ಹಾಲಿನಲ್ಲಿ ಕೂತಿದ್ದ, ಇಸ್ತ್ರಿ ಮಾಡಿದ ಶರ್ಟು. ಟೀವಿ ನಡೆಯುತ್ತಿತ್ತು, ದನಿಯಿಲ್ಲ. ಉಗುರು ಬೆಳ್ಳಗಿದ್ದವು. ನಾನು ಹುಟ್ಟಿದ ಮೇಲೆ ಅವನ ಉಗುರು ಬೆಳ್ಳಗೆ ಕಂಡದ್ದು ಇದೇ ಮೊದಲು.

ಸೀಲ್ ಕೈಗೆ ಕೊಟ್ಟೆ. ಬ್ರೀದರ್ ಕಥೆ ಹೇಳಿದೆ. ತಪ್ಪು ನನ್ನದು ಅಂದೆ, ಅಡುಗೆಮನೆ ಬಾಗಿಲಲ್ಲಿದ್ದ ಅತ್ತಿಗೆಗೂ ಕೇಳುವ ಹಾಗೆ. ಅವನು ಹೆಬ್ಬೆರಳಿನ ಉಗುರನ್ನು ಸೀಲಿನ ತುಟಿಯ ಸುತ್ತ ಆಡಿಸಿದ. ಒಂದು ಸುತ್ತು. ಮತ್ತೊಂದು.

"ನೀನು ಹೇಳಿದ್ಮೇಲೆ ನಂಗೂ ಹಾಗೇ ನೆನಪಾಗೋಕೆ ಶುರುವಾಯ್ತು ಪುಟ್ಟಿ," ಅಂದ. "ಟೇಪ್ ಇಲ್ದೆ ಜಾರಿಸಿದ್ದು. ಕಣ್ಣಿಗೆ ಕಟ್ಟಿದ ಹಾಗೆ. ರಬ್ಬರ್ ಹರಿದ ಸದ್ದು ಕೂಡ."

ಸೀಲನ್ನು ಅವನ ಕೈಯಿಂದ ತೆಗೆದು ಮತ್ತೆ ಜೇಬಿಗೆ ಹಾಕಿಕೊಂಡೆ.

ಅತ್ತಿಗೆ, ಸೀಲ್ ಸರಿ, ಫ್ರಿಜ್ಜಿನ ಬೀಗದ ಕೈ ಸುಳ್ಳಾ ಅಂತ ಕೇಳಿದರು. ಸುಳ್ಳಲ್ಲ. ಆದರೆ ಈ ಸೀಲೂ ಸುಳ್ಳಲ್ಲ ಅಂದೆ. ನಾನು ಜೊತೆಗಿರುತ್ತೇನೆ, ಬ್ಲೇಡಿನ ಕೆಲಸ ಕೊಡುವುದಿಲ್ಲ ಅಂತ ಮಾತು ಕೊಟ್ಟ ಮೇಲೆ ಅವನನ್ನು ಶೆಡ್ಡಿಗೆ ಕಳಿಸಲು ಒಪ್ಪಿದರು, ಅರೆಮನಸ್ಸಿನಿಂದ.

ಮಾರ್ಚ್ 25, ಮಂಗಳವಾರ

ಅಣ್ಣ ಬಂದ. ಶಟರ್‌ಗೆ ಅವನೇ ಒದ್ದ. ಸ್ಟೂಲ್ ಮೂಲೆಯಿಂದ ಜಾಗಕ್ಕೆ ತಂದಿಟ್ಟಿದ್ದೆ, ರೇಡಿಯೋ ಅವನ ಸ್ಟೇಷನ್‌ಗೆ ತಿರುಗಿಸಿದ್ದೆ. ಗಮನಿಸಿದನೋ ಇಲ್ಲವೋ. ಸೀಟಿ ಫೋನ್ ಮಾಡಿದರು — ಒಂದು ಹನಿಯಿಲ್ಲ, ಹುಲ್ಲು ಚಿಗುರುತ್ತಿದೆ. ಹಾಗಾದರೆ ಮೊಳೆಯಲ್ಲಿದ್ದದ್ದು ಎಸೆಯಬಹುದು. ನನ್ನ ಜೇಬಿನಲ್ಲಿರುವುದನ್ನು ಎಸೆಯಲಿಲ್ಲ.

ಮಧ್ಯಾಹ್ನ ಇನ್ನೊಂದು ಮೋವರ್. ಇದರದು ನಿಜಕ್ಕೂ ಸೀಲ್. ಬ್ರೀದರ್ ಮೊದಲೇ ನೋಡಿದೆವು. ನೀನೇ ಹಾಕು ಅಂದೆ ಅಣ್ಣನಿಗೆ. ಟೇಪ್ ಸುತ್ತಿದ. ಒಂದು ಸುಕ್ಕೂ ಬೀಳಲಿಲ್ಲ. ಸೀಲ್ ಎತ್ತಿಕೊಂಡ. ಹಾಗೇ ನಿಂತ.

"ಪುಟ್ಟಿ, ಬಾ ಇಲ್ಲಿ. ಟೇಪ್ ಹಾಕಿದ್ದೀನಾ ನೋಡು."

ಇಷ್ಟು ವರ್ಷದಲ್ಲಿ ಅವನು ನನ್ನನ್ನು ಕೇಳಿದ್ದಿಲ್ಲ. ನೋಡಿದೆ. ಹಾಕಿದ್ದೀಯ ಅಂದೆ. ತಲೆಯಾಡಿಸಿದ. ಸೀಲ್ ತುದಿಯವರೆಗೆ ತಂದು ಮತ್ತೆ ನಿಲ್ಲಿಸಿದ. ಇನ್ನೊಂದು ಸಲ ನೋಡು ಅಂದ. ನೋಡಿದೆ. ಇದೆ ಅಣ್ಣ ಅಂದೆ. ಅವನು ನನ್ನ ಮುಖವನ್ನೇ ನೋಡುತ್ತಿದ್ದ, ಟೇಪನ್ನಲ್ಲ. ಅವನ ಕೈ ಹಿಡಿದು, ಬೆರಳನ್ನು ಟೇಪಿನ ಮೇಲೆ ಇಟ್ಟು, ನೀನೇ ಮುಟ್ಟಿ ನೋಡು ಅಣ್ಣ ಅಂದೆ.